ಕುಂಕುಮ ಭರಣಿಯೊಳಗಿನ ಬೂದಿ

ಬೇರೆಯವರ ಮನೆಯಲ್ಲಿ ಮಂಚದ ಕೆಳಗೆ ಉಳ್ಳಾಗಡ್ಡಿ ಬುಟ್ಟಿ, ಹಳೆಯ ಚಪ್ಪಲಿ, ಸುತ್ತಿಟ್ಟ ಹಾಸಿಗೆ ಇರುತ್ತಿದ್ದವು. ನಮ್ಮ ಮನೆಯಲ್ಲಿ ಶವಪೆಟ್ಟಿಗೆ ಇಳಿಸುವ ಹಗ್ಗಗಳಿದ್ದವು. ಕುರ್ಲಾ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯ ಚಾಳಿನಲ್ಲಿ ಎರಡನೇ ಮಾಳಿಗೆಯ ಕೊನೆಯ ಖೋಲಿ ನಮ್ಮದು. ಒಂದು ಮಂಚ, ಒಂದು ಸ್ಟೋವು, ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅದರಲ್ಲೇ. ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿ ಹೆಬ್ಬೆರಳು ಗಾತ್ರದ ಎರಡು ಹಗ್ಗ, ಬಿಳಿಯ ಶಿಲುಬೆ ಹೊಲಿದ ಕರಿಯ ಮಖಮಲ್ಲಿನ ಹೊದಿಕೆ, ಅರ್ಧ ಉರಿದ ಮೇಣದಬತ್ತಿಗಳು. ಸತ್ತವರನ್ನು ಹೂಳುವುದಕ್ಕೆ ನಮ್ಮ ಕಡೆ ಮಣ್ಣು ಕೊಡುವುದು ಎನ್ನುತ್ತಾರೆ. ಅಪ್ಪ ಮುಂಬಯಿಯ ಕನ್ನಡ ಕ್ರೈಸ್ತರ ಮಣ್ಣಿನ ಸಂಘದ ಹಿರಿಯ. ಯಾರ ಮನೆಯಲ್ಲಿ ಸಾವಾದರೂ ಮೊದಲು ನಮ್ಮ ಬಾಗಿಲು ಬಡಿಯುತ್ತಿದ್ದರು. ಸುಡುವುದು ಕ್ರೈಸ್ತನಿಗೆ ಹೇಳಿದ್ದಲ್ಲ ಎಂದು ಜೀವಮಾನವಿಡೀ ಸಾರಿದ ಮನುಷ್ಯ ಅವನು. ಕಡೆಗೆ ಅವನನ್ನೇ ಸುಟ್ಟರು. ಬೂದಿ ನಾಲ್ಕು ವರ್ಷ ನನ್ನ ಕಪಾಟಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿತ್ತು. ಮಣ್ಣು ಕೊಡು ಎಂದು ಅವನೇ ಬಾಯಿಬಿಟ್ಟು ಕೇಳಿದ್ದ, ನಾನು ಕೊಟ್ಟಿರಲಿಲ್ಲ. ಯಾಕೆ ಕೊಡಲಿಲ್ಲ ಎಂದು ಹೇಳಬೇಕಾದರೆ ಆ ಖೋಲಿಗೇ ಹೋಗಬೇಕು.

ಅಪ್ಪನ ಬಗ್ಗೆ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಅವನು ಕಾರ್ಖಾನೆಯಲ್ಲಿ ಫಿಟರ್. ಧಾರಾವಿಯಲ್ಲೋ ಕಟ್ಟಡದ ಕೆಲಸದಲ್ಲೋ ಯಾರಾದರೂ ದಿಕ್ಕಿಲ್ಲದ ಕನ್ನಡದವನು ಸತ್ತು, ಅವನ ಹೆಸರು ಸಮುವೇಲನೋ ದಾನಿಯೇಲನೋ ಎಂದು ಗೊತ್ತಾದರೆ ಸಾಕು, ಅಪ್ಪ ಪಾಳಿ ಬಿಟ್ಟು ಓಡುತ್ತಿದ್ದ. ಶವಾಗಾರದಲ್ಲಿ ಯಾರೂ ಮುಟ್ಟದ ಹೆಣವನ್ನು ಅವನೇ ತೊಳೆದು, ತನ್ನ ಅಂಗಿ ತೊಡಿಸಿ, ಹಗ್ಗ ಹೆಗಲಿಗೆ ಸುತ್ತಿಕೊಂಡು ಲೋಕಲ್‌ನಲ್ಲಿ ಹೋಗುತ್ತಿದ್ದ. ಲೋಕಲ್‌ನಲ್ಲಿ ಜನ ಅವನನ್ನು ಬಿಲ್ಡಿಂಗಿಗೆ ಬಣ್ಣ ಹಚ್ಚುವವನು ಎಂದುಕೊಳ್ಳುತ್ತಿದ್ದರಂತೆ. ಗುಂಡಿಯ ಅಂಚಿನಲ್ಲಿ ನಿಂತು ಅವನು ಕನ್ನಡ ಕೀರ್ತನೆ ಎತ್ತಿದರೆ ಗುಂಡಿ ತೋಡುವವನೂ ಟೋಪಿ ತೆಗೆಯುತ್ತಿದ್ದ. ಸತ್ತವರ ಪಾಲಿಗೆ ಅಪ್ಪನಂಥ ಒಳ್ಳೆಯ ಮನುಷ್ಯ ಇರಲಿಲ್ಲ. ಬದುಕಿರುವವರು ಅವನ ಜೊತೆ ಒಂದೇ ಖೋಲಿಯಲ್ಲಿ ಇರಬೇಕಾಗಿತ್ತು, ಅದೇ ತೊಂದರೆ.

ಇದ್ದವರು ನಾವು ಮೂವರು: ಅವ್ವ, ನಾನು, ಮತ್ತು ಅಪ್ಪನ ತಾಯಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವ್ವ ಹುಟ್ಟಿದ್ದೇ ಕ್ರೈಸ್ತರ ಮನೆಯಲ್ಲಿ. ಅವಳಿಗೆ ಧರ್ಮ ಎನ್ನುವುದು ಉಟ್ಟ ಸೀರೆಯ ಹಾಗೆ, ಇದೆ ಎಂಬ ನೆನಪೂ ಇರುತ್ತಿರಲಿಲ್ಲ. ಅಪ್ಪ ಮಿಷನ್ ಶಾಲೆಯಲ್ಲಿ ಓದುತ್ತಾ ತಾನಾಗಿ ಕ್ರೈಸ್ತನಾದವನು, ಹಾಗಾಗಿ ಸದಾ ಕಾವಲು. ಆಯಿಯದು ಬೇರೆಯೇ ಕತೆ. ಅಜ್ಜ ಗದಗಿನ ಕಡೆಯ ನೇಕಾರ, ಹಳೆಯ ದೇವರಿಗೇ ಕೈಮುಗಿದುಕೊಂಡು ಸತ್ತ. ಅವರಲ್ಲಿ ಸುಡುತ್ತಿದ್ದರು. ಅಪ್ಪ ಊರಿಗೆ ಹೋದರೂ ಕೊಳ್ಳಿ ಇಡಲು ಒಪ್ಪದೆ ದೂರ ನಿಂತನಂತೆ, ಅಜ್ಜನ ತಮ್ಮ ಇಟ್ಟ. ಹದಿನೈದು ದಿನಕ್ಕೆ ಆಯಿ ಮಗನ ಹಿಂದೆ ಮುಂಬಯಿಗೆ ಬಂದಳು, ಆರು ತಿಂಗಳಲ್ಲಿ ದೀಕ್ಷಾಸ್ನಾನವೂ ಆಯಿತು. ಆಯಿಗೆ ಯೇಸುವಿನ ಮೇಲೆ ಸಿಟ್ಟೇನೂ ಇರಲಿಲ್ಲ. ಮಗನ ಮನೆಯಲ್ಲಿ ತಟ್ಟೆಗೆ ರೊಟ್ಟಿ ಬೀಳಬೇಕಾದರೆ ಮಗನ ದೇವರಿಗೆ ತಲೆ ಬಾಗಬೇಕು ಎಂದು ಅವಳಿಗೆ ತಿಳಿದಿತ್ತು, ಅಷ್ಟೆ.

ಆದರೆ ಒಂದು ವಿಷಯದಲ್ಲಿ ಬಗ್ಗುತ್ತಿರಲಿಲ್ಲ. ಅಪ್ಪ ಮಣ್ಣು ಮುಗಿಸಿ ಬಂದ ದಿನ ಅವಳು ತಂಬಿಗೆ ತುಂಬಿಸಿ ಹೊಸ್ತಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಮೈಮ್ಯಾಗ ನೀರ ಹಾಕ್ಕೊಂಡ ಒಳಗ ಬಾ."

"ಯವ್ವಾ, ಅವೆಲ್ಲಾ ನಮಗಿಲ್ಲ. ಕರ್ತನೊಳಗ ನಿದ್ದಿ ಹೋದಾವರನ್ನ ಮುಟ್ಟಿದ್ರ ಮೈಲಿಗಿ ಎಲ್ಲಿಂದ ಬಂತು?"

"ಹೆಣ ಅಂದ್ರ ಹೆಣ. ಹೊಲಸ ಅನ್ನಾಕತ್ತಿಲ್ಲ ನಾನು. ಸತ್ತಾವರದು ಒಂದ ಮರ್ಯಾದಿ ಇರತೈತಿ, ಅದಕ್ಕ ನೀರು."

ಅಪ್ಪ ಅವಳನ್ನು ಸರಿಸಿ ಒಳಗೆ ಬಂದು, ಬೇಕೆಂದೇ ಕೈ ತೊಳೆಯದೆ ರೊಟ್ಟಿ ಮುರಿಯುತ್ತಿದ್ದ. ಆಯಿ ಅಂದು ಉಣ್ಣುತ್ತಿರಲಿಲ್ಲ. ಈ ಜಗಳಕ್ಕೆ ಅವ್ವ ಕಂಡುಕೊಂಡ ಉಪಾಯ ನನಗೆ ಈಗಲೂ ನಗು ತರಿಸುತ್ತದೆ. ಅಪ್ಪ ಮೆಟ್ಟಿಲು ಹತ್ತುವ ಸದ್ದು ಕೇಳಿದ ಕೂಡಲೇ ಖೋಲಿಗಳ ಮುಂದಿನ ಗ್ಯಾಲರಿಗೆ ಹೋಗಿ, "ರೀ, ನಳದ ನೀರ ನಿಲ್ಲೂ ಹೊತ್ತಾತು, ಬೆವರ ನಾತ ಹೊಡಿಯಾಕತ್ತೈತಿ, ಮದ್ಲ ಜಳಕಾ ಮಾಡ್ರಿ" ಎನ್ನುತ್ತಿದ್ದಳು. ಬೆವರಿಗೆ ಜಳಕ ಮಾಡಲು ಅಪ್ಪನ ಅಭ್ಯಂತರ ಇರಲಿಲ್ಲ. ಆಮೇಲೆ ಅವ್ವ ಆ ಹಗ್ಗಗಳನ್ನೂ ತೊಳೆದು ಗ್ಯಾಲರಿಯ ಕಂಬಿಯ ಮೇಲೆ ಒಣಹಾಕುತ್ತಿದ್ದಳು. ಪಕ್ಕದ ಖೋಲಿಯವರು ತಮ್ಮ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ರವಿವಾರ ಸಂಜೆ ನಾಲ್ಕಕ್ಕೆ ಬೇರೆಯವರ ಚರ್ಚಿನಲ್ಲಿ ನಮ್ಮ ಕನ್ನಡ ಆರಾಧನೆ. ಮುಗಿಸಿ ಬಂದು ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ ಉಣ್ಣುತ್ತಾ ಅಪ್ಪ ಪುನರುತ್ಥಾನದ ಮೇಲೆ ಎರಡನೇ ಪ್ರಸಂಗ ಮಾಡುತ್ತಿದ್ದ. ಕೇಳುವವರು ನಾವು ಮೂವರೇ.

"ಕಡೀ ತುತ್ತೂರಿ ಊದಿದಾಗ ಸಮಾಧಿ ತೆರೀತಾವ. ಏಳಾಕ ಎಲುಬರ ಬೇಕಲ್ಲ? ಸುಟ್ಟ ಗಾಳಿಗೆ ತೂರಿದ್ರ ಏಳಾವರ ಯಾರು?"

"ಹಂಗಾರ ಸಮುದ್ರದಾಗ ಮುಳಿಗಿ ಮೀನದ ಹೊಟ್ಟಿ ಸೇರಿದಾವರನ್ನ ನಿಮ್ಮ ದೇವ್ರ ಹ್ಯಾಂಗ ಎಬ್ಬಸ್ತಾನೋ?" ಎಂದು ಆಯಿ ತಲೆ ಎತ್ತದೆ ಕೇಳಿದಳು. "ನಿಮ್ಮ ಮಣ್ಣಿನ ಪ್ರಾರ್ಥನಿಯೊಳಗೂ ಮಣ್ಣಿಗೆ ಮಣ್ಣು, ಬೂದಿಗೆ ಬೂದಿ ಅಂತ ಬರತೈತೆಲ್ಲ. ನಾ ಕೇಳೇನಿ."

ಉತ್ತರ ಇಲ್ಲದಾಗ ಅವನು ಪ್ರಾರ್ಥನೆ ಶುರುಮಾಡುತ್ತಿದ್ದ. ನಾವು ತುತ್ತು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಬೇಕಾಗುತ್ತಿತ್ತು.

ಪಕ್ಕದ ಖೋಲಿಯಲ್ಲಿ ಮಂಗಳೂರು ಕಡೆಯ ಕೊಂಕಣಿ ಕೆಥೊಲಿಕರಿದ್ದರು. ಅವರ ಮಗಳು ಫಿಲೋಮಿನಾ ನನ್ನ ಕ್ಲಾಸಿನವಳು, ನನ್ನ ಗೆಳತಿ. ನನಗೆ ಒಂಬತ್ತು ತುಂಬಿದ ವರ್ಷ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾಗುವ ಬೂದಿ ಬುಧವಾರ, ಅವಳು ಬೆಳಿಗ್ಗೆಯೇ ಪೂಜೆಗೆ ಹೋಗಿ ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ಬಂದಳು. ಶಾಲೆಯಲ್ಲಿ ಟೀಚರುಗಳು ಕೂಡ ಅವಳನ್ನು ಮೃದುವಾಗಿ ಮಾತಾಡಿಸಿದರು. ನಮ್ಮ ಪಂಗಡದವರಲ್ಲಿ ಆ ಪದ್ಧತಿ ಇಲ್ಲ. ನಾನೂ ಕ್ರಿಶ್ಚಿಯನ್ನೇ, ನನ್ನ ಹಣೆ ಮಾತ್ರ ಯಾಕೆ ಬರಿದು ಎಂದು ನನಗೆ ಹೊಟ್ಟೆ ಉರಿಯಿತು. ಆಗ ನೆನಪಾಯಿತು, ಆಯಿಯ ಹಾಸಿಗೆಯ ಸುರುಳಿಯೊಳಗೆ ಒಂದು ಹಿತ್ತಾಳೆಯ ಕುಂಕುಮ ಭರಣಿ ಇತ್ತು. ಅದರಲ್ಲಿ ಕುಂಕುಮ ಇರಲಿಲ್ಲ, ವಿಧವೆಗೆಲ್ಲಿಯ ಕುಂಕುಮ? ಅದರಲ್ಲಿ ಬೂದಿ ಇರುವುದನ್ನು ನಾನೊಮ್ಮೆ ನೋಡಿದ್ದೆ. ಆಯಿ ಗುಟ್ಟಾಗಿ ಚರ್ಚಿನ ಬೂದಿ ತಂದಿಟ್ಟುಕೊಂಡಿದ್ದಾಳೆ, ಅಪ್ಪನಿಗೆ ಹೆದರಿ ಹಚ್ಚಿಕೊಳ್ಳುತ್ತಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಶಾಲೆ ಬಿಟ್ಟು ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಭರಣಿ ತೆಗೆದೆ, ಹೆಬ್ಬೆರಳಿಗೆ ನೀರು ಮುಟ್ಟಿಸಿ ಅದ್ದಿದೆ, ಕನ್ನಡಿ ನೋಡಿಕೊಂಡು ಹಣೆಗೆ ಅಡ್ಡ ಉದ್ದ ಎಳೆದುಕೊಂಡೆ. ಮರಳಿನ ಕಾಳಿನಂಥದ್ದೇನೋ ಚರ್ಮಕ್ಕೆ ಚುಚ್ಚಿತು. ಹೊರಗೆ ಗ್ಯಾಲರಿಯಲ್ಲಿ ನಾನೂ ಫಿಲೋಮಿನಾಳೂ ಕೈ ಕೈ ಹಿಡಿದು ಓಡಾಡಿದೆವು. ಅಷ್ಟು ಸುಖ ನನಗೆ ಆಮೇಲೆ ಯಾವ ಚರ್ಚಿನಲ್ಲೂ ಸಿಕ್ಕಿಲ್ಲ.

ಅಪ್ಪ ಪಾಳಿ ಮುಗಿಸಿ ಮೆಟ್ಟಿಲು ಹತ್ತಿ ಬಂದ. ಅವನ ಹಿಂದೆಯೇ ನಳದಿಂದ ಅವ್ವ, ಆಯಿ, ಇಬ್ಬರ ಸೊಂಟದ ಮೇಲೂ ಕೊಡ.

"ಏನಿದು? ಫಿಲೋಮಿನಾನ ಮನಿಯಾವರು ಹಚ್ಚಿದ್ರೇನು?"

ಹೌದು ಎಂದಿದ್ದರೆ ಎರಡು ಏಟು ಬೀಳುತ್ತಿದ್ದವು, ಮುಗಿಯುತ್ತಿತ್ತು. ಗೆಳತಿಯ ಮನೆಯವರ ಮೇಲೆ ಅಪ್ಪ ಜಗಳಕ್ಕೆ ಹೋಗುತ್ತಾನೆಂದು ಹೆದರಿ ನಾನು ನಿಜ ಹೇಳಿದೆ.

"ಇಲ್ಲಪ್ಪಾ. ಆಯಿದು. ಆಯಿ ಭರಣ್ಯಾಗ ಐತಿ."

ಆಯಿಯ ಕೊಡ ಜಾರಿತು. ನೀರೆಲ್ಲ ಗ್ಯಾಲರಿಯುದ್ದಕ್ಕೂ ಹರಿಯಿತು. ಅಪ್ಪ ಒಳಗೆ ಹೋಗಿ ಭರಣಿ ಎತ್ತಿಕೊಂಡು ಬಂದು ಅವಳ ಮುಖದ ಮುಂದೆ ಹಿಡಿದ.

"ಯವ್ವಾ, ಏನೈತಿ ಇದರಾಗ?"

"ನಿಮ್ಮಪ್ಪ ಅದಾನ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೂದಿಯನ್ನೆಲ್ಲ ಹೊಳೆಗೆ ಬಿಡುವ ಮುಂಚೆ ಆಯಿ ಒಂದು ಚಿಟಿಕೆ ಉಳಿಸಿಕೊಂಡಿದ್ದಳು. ಇನ್ನು ಮೇಲೆ ಕೆಲಸಕ್ಕೆ ಬಾರದ ಕುಂಕುಮ ಭರಣಿಯಲ್ಲಿ ಅದನ್ನು ತುಂಬಿಕೊಂಡು ಮುಂಬಯಿಗೆ ತಂದಿದ್ದಳು. ದೀಕ್ಷಾಸ್ನಾನಕ್ಕೆ ಹೋದಾಗಲೂ ಅದು ಅವಳ ಸೊಂಟದಲ್ಲಿತ್ತಂತೆ.

"ನಾ ಮಂದಿಗೆ ಸುಡಬ್ಯಾಡ್ರಿ ಅಂತ ಹೇಳ್ಕೋತ ತಿರಗತೇನಿ, ನನ್ನ ಮನ್ಯಾಗ ಹಾಸಿಗಿಯೊಳಗ ಬೂದಿ! ಇದು ಮೂರ್ತಿಪೂಜಿ ಅಲ್ಲದ ಮತ್ತೇನು?"

"ಪೂಜಿ ಮಾಡಿಲ್ಲೋ ಯಪ್ಪಾ. ಬರೇ ಇಟ್ಕೊಂಡೇನಿ. ಕೊಡೋ ಇಲ್ಲಿ."

"ಬ್ಯಾಡ್ರಿ, ಅವರದೊಂದ ಗುರ್ತು ಅದು" ಎಂದು ಅವ್ವ ಅಡ್ಡ ಬಂದಳು. ಅವ್ವ ಅಪ್ಪನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ಗ್ಯಾಲರಿಯ ಕಂಬಿಗೆ ಬಗ್ಗಿ ಭರಣಿಯನ್ನು ಬೋರಲು ಮಾಡಿದ. ಕೆಳಗೆ ಅಗಲವಾದ ಗಟಾರ, ಕಾರ್ಖಾನೆಗಳ ಬಣ್ಣದ ನೀರು, ಎಲ್ಲರ ಮನೆಯ ಹೊಲಸು ಹರಿಯುವುದು ಅದರಲ್ಲೇ. ಬೀಳುವುದು ಕಾಣಲೂ ಇಲ್ಲ, ಅಷ್ಟು ಸ್ವಲ್ಪ ಇತ್ತು ಅದು. ಖಾಲಿ ಭರಣಿಯನ್ನು ಅವನು ಮೋರಿಗೆ ಎಸೆದು ಪ್ರಾರ್ಥನೆಗೆ ಕೂತ. ಅವ್ವ ನನ್ನ ಮುಖ ತೊಳೆಯಲು ಮಗ್ಗು ಎತ್ತಿದಳು. ಆಗ ಆಯಿ ಅವಳ ಕೈ ಹಿಡಿದು ನಿಲ್ಲಿಸಿ, ತನ್ನ ಸೆರಗಿನ ತುದಿಯಿಂದ ನನ್ನ ಹಣೆಯನ್ನು ನಿಧಾನವಾಗಿ ಒರೆಸಿದಳು. ಒಮ್ಮೆ, ಎರಡು ಸಲ, ಹುಬ್ಬಿನ ಸಂದಿಯಲ್ಲೂ. ಆಮೇಲೆ ಆ ತುದಿಗೆ ಗಂಟು ಹಾಕಿಕೊಂಡಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ. ಮೋರಿಯಲ್ಲಿ ಬಿದ್ದ ಭರಣಿಯನ್ನು ನಾನು ಎತ್ತಿ ನನ್ನ ಶಾಲೆಯ ಚೀಲದೊಳಗೆ ಬಚ್ಚಿಟ್ಟೆ.

ಆಮೇಲೆ ನಾಲ್ಕು ವರ್ಷ ಆಯಿ ಮಗನ ಜೊತೆ ನೇರವಾಗಿ ಮಾತಾಡಲಿಲ್ಲ. ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಎದುರುಬದುರು ಕೂತು, "ನಿಮ್ಮಪ್ಪಗ ಹೇಳು, ಚಾ ಆರಾಕತ್ತೈತಿ" ಎಂದು ನನಗೆ ಹೇಳುತ್ತಿದ್ದಳು. ಅಪ್ಪನೂ "ನಿಮ್ಮ ಆಯಿಗೆ ಹೇಳು" ಎನ್ನಲು ಕಲಿತ. ಅವರಿಬ್ಬರ ನಡುವೆ ನಾನು ತಂತಿಯ ಹಾಗೆ ಬೆಳೆದೆ. ಮಾತಿನಲ್ಲಿರುವ ಬಿಸಿ ತೆಗೆದು, ಬರೀ ಸುದ್ದಿ ದಾಟಿಸುವುದು ನನಗೆ ಆಗಲೇ ರೂಢಿಯಾಯಿತು. ನನ್ನನ್ನು ಕಲ್ಲು ಮನಸ್ಸಿನವಳು ಎನ್ನುವವರಿಗೆ ಆ ಖೋಲಿಯ ವಿಳಾಸ ಕೊಡಬೇಕು. ಆಯಿ ಹಾಸಿಗೆ ಹಿಡಿದಾಗ ಕೊನೆಯ ಸುದ್ದಿಯನ್ನೂ ನನ್ನ ಕೈಯಲ್ಲೇ ಕಳಿಸಿದಳು.

"ನಿಮ್ಮಪ್ಪಗ ಹೇಳು. ನನ್ನ ಸುಡಂತ ಹೇಳು. ಅವರು ಹೋದ ದಾರಿಲೇ ನಾನೂ ಹೋಗತೇನಿ."

ನಾನು ಹೇಳಿದೆ. ಅಪ್ಪನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ, ಅಷ್ಟು ನನಗೆ ಗೊತ್ತು.

"ನನ್ನ ತಾಯಿಗೆ ನಾ ಮಣ್ಣ ಕೊಡತೇನಿ. ಆಕಿ ಏಳಬೇಕು. ನಾ ಎದ್ದಾಗ ಆಕೀನೂ ಏಳಬೇಕು."

ಅಂಥ ಮಣ್ಣನ್ನು ನಮ್ಮ ಸಭೆಯವರು ಅದಕ್ಕೆ ಮುಂಚೆ ನೋಡಿರಲಿಲ್ಲ. ಹೊಸ ಹಗ್ಗ, ಇಸ್ತ್ರಿ ಮಾಡಿದ ಮಖಮಲ್ಲು, ಮೂರು ಕೀರ್ತನೆ. ಎಲ್ಲರೂ ಅಪ್ಪನ ಕೈ ಹಿಡಿದು ಮಗ ಅಂದರೆ ಹೀಗಿರಬೇಕು ಎಂದರು. ಅವ್ವ ಮಾತ್ರ ಪೆಟ್ಟಿಗೆ ಮುಚ್ಚುವ ಮುಂಚೆ, ಬಿಳಿಯ ಬಟ್ಟೆಯ ಕೆಳಗೆ, ನಾಲ್ಕು ವರ್ಷ ನೀರು ಕಾಣದ ಆ ಗಂಟಿನ ಸೀರೆಯನ್ನು ಮಡಚಿ ಆಯಿಯ ತೋಳ ಹತ್ತಿರ ಇಟ್ಟಳು. ನಾನು ನೋಡಿದೆ. ಅವ್ವ ನನ್ನನ್ನು ನೋಡಿದಳು.

ಈ ಊರಿನಲ್ಲಿ ಬದುಕಿರುವವರಿಗೇ ಜಾಗ ಇಲ್ಲ. ನಮ್ಮ ಸ್ಮಶಾನದಲ್ಲಿ ಕೆಲವು ವರ್ಷ ಕಳೆದ ಮೇಲೆ ಅದೇ ಗುಂಡಿ ತೆರೆದು ಹೊಸಬರನ್ನು ಮಲಗಿಸುತ್ತಾರೆ, ಹಳೆಯ ಎಲುಬುಗಳು ಮೂಲೆಯ ಸಾಮೂಹಿಕ ಗುಂಡಿಗೆ ಹೋಗುತ್ತವೆ. ಆಯಿಯ ಸರದಿಯೂ ಬಂತು. ತೆರೆಯಬಹುದು ಎಂದು ಸಂಘದ ಪರವಾಗಿ ಸಹಿ ಹಾಕಿದವನು ಅಪ್ಪನೇ. ತನ್ನ ತಾಯಿಗೊಂದು ಕಾಯಿದೆ, ಬೇರೆಯವರ ತಾಯಿಗೊಂದು ಕಾಯಿದೆ ಆಗಬಾರದು ಎಂದ. ನ್ಯಾಯವಂತ! ಸುಟ್ಟರೆ ಏಳುವುದು ಹೇಗೆ ಎಂದು ಕೇಳುತ್ತಿದ್ದವನು, ಇನ್ನೂರು ಜನರ ಎಲುಬಿನ ನಡುವೆ ಆಯಿ ತನ್ನ ಎಲುಬನ್ನು ಹೇಗೆ ಹುಡುಕಿಕೊಂಡು ಏಳುತ್ತಾಳೆ ಎಂದು ಕೇಳಿಕೊಳ್ಳಲಿಲ್ಲ. ಆ ದಿನ ನಾನು ಅವನನ್ನು ಕ್ಷಮಿಸುವುದನ್ನು ಬಿಟ್ಟೆ.

ಚಾಳು ಕೆಡವಿ ಬಿಲ್ಡಿಂಗ್ ಎಬ್ಬಿಸಿದರು. ಅದೇ ಜಾಗದಲ್ಲಿ ಆರನೇ ಮಾಳಿಗೆಯಲ್ಲಿ ನಮಗೊಂದು ಫ್ಲ್ಯಾಟ್ ಸಿಕ್ಕಿತು. ಅವ್ವ ಅಲ್ಲೇ ತೀರಿಕೊಂಡಳು, ಅವಳಿಗೆ ಅಪ್ಪ ತಾನೇ ಹಗ್ಗ ಹಿಡಿದು ಮಣ್ಣು ಕೊಟ್ಟ. ನನ್ನ ಗಂಡ ತೀರಿಹೋದ ಮೇಲೆ ನಾನೂ ಮಗಳು ಶೀಬಾಳೂ ಅಪ್ಪನ ಜೊತೆಗೇ ಉಳಿದೆವು. ಕೊರೊನಾದ ಮೊದಲ ತಿಂಗಳುಗಳಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದೆವು, ಒಳಗೆ ನಮ್ಮನ್ನು ಬಿಡಲಿಲ್ಲ. ನರ್ಸೊಬ್ಬಳು ತನ್ನ ಫೋನಿನಲ್ಲಿ ಅವನ ಮುಖ ತೋರಿಸಿದಳು. ಮೂಗಿನ ಮೇಲೆ ಆಮ್ಲಜನಕದ ಕೊಳವೆ.

"ರೂತಾ, ಸುಡಾಕ ಬಿಡಬ್ಯಾಡ. ಮಣ್ಣ ಕೊಡು ನನಗ. ಮಾತ ಕೊಡು."

"ಆತಪ್ಪಾ" ಎಂದೆ.

ಮಾರನೆಯ ದಿನ ಆಸ್ಪತ್ರೆಯಿಂದ ಫೋನು ಬರುವ ಹೊತ್ತಿಗೆ ವಿದ್ಯುತ್ ಚಿತಾಗಾರದಲ್ಲಿ ಎಲ್ಲ ಮುಗಿದಿತ್ತು. ಯಾರೂ ನಮ್ಮನ್ನು ಕೇಳಲಿಲ್ಲ, ಆಗ ಯಾರನ್ನೂ ಕೇಳುತ್ತಿರಲಿಲ್ಲ. ನಂಬರು ಬರೆದ ಒಂದು ಡಬ್ಬಿಯನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟರು. ಇನ್ನೂ ಬೆಚ್ಚಗಿತ್ತು. ನಾನು ಅಳಲಿಲ್ಲ. ನಿಜ ಹೇಳಬೇಕೆಂದರೆ, ರಿಕ್ಷಾದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು. ಎರಡೂ ಇನ್ನೂ ಹೋಗಿಲ್ಲ.

ಲಾಕ್‌ಡೌನ್ ಮುಗಿದು ಬಾಗಿಲುಗಳು ತೆರೆದ ಮೇಲೆ ಬೂದಿಗಾದರೂ ಮಣ್ಣು ಕೊಡಬಹುದಾಗಿತ್ತು. ನಾನು ಕೊಡಲಿಲ್ಲ. ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ. ಕಿಟಕಿಯಿಂದ ಬಗ್ಗಿದರೆ ಅದೇ ಗಟಾರ ಕಾಣುತ್ತದೆ, ಈಗ ಎರಡೂ ಬದಿಗೆ ಸಿಮೆಂಟಿನ ಗೋಡೆ. ಎಷ್ಟೋ ಸಲ ಡಬ್ಬಿ ಕೈಯಲ್ಲಿ ಹಿಡಿದು ಕಿಟಕಿಯವರೆಗೂ ಹೋಗಿದ್ದೇನೆ. ಫಿಲೋಮಿನಾ ಈಗ ಬಾಂದ್ರಾದಲ್ಲಿದ್ದಾಳೆ. ಅವಳು ಬಂದಾಗ ಡಬ್ಬಿ ನೋಡಿ ಶಿಲುಬೆ ಗುರುತು ಹಾಕಿಕೊಂಡಳು. "ಸುಡಬಹುದು ಅಂತ ನಮ್ಮಲ್ಲೂ ಈಗ ಒಪ್ತಾರೆ ಮಾರಾಯ್ತಿ. ಆದ್ರೆ ಮನೆಯಲ್ಲಿ ಇಟ್ಕೊಳ್ಳಿಕ್ಕಿಲ್ಲ, ನೀರಿಗೆ ಬಿಡ್ಲಿಕ್ಕಿಲ್ಲ. ಗೋಡೆಯ ಗೂಡಲ್ಲಾದ್ರೂ ಇಡ್ಬೇಕು, ಪವಿತ್ರ ಜಾಗದಲ್ಲಿ" ಎಂದಳು. ಶೀಬಾಳ ಕನ್ನಡ ಅರ್ಧಂಬರ್ಧ, ಅವಳದೂ ಅದೇ ರಾಗ.

"ಮಮ್ಮಿ, ಅಜ್ಜಾಗೆ ಇನ್ನ ಎಷ್ಟ ದಿನ ಇಲ್ಲೇ ಇಡೋದು? ಪ್ರಾಮಿಸ್ ಕಿಯಾ ಥಾ ನಾ ತುಮನೇ. ಮಾತ್ ಕೊಟ್ಟಿದಿ ನೀನು."

ಆ ಮಾತು ನನಗೆ ನಾಟಿತು. ನಮ್ಮ ಸಭೆಗೆ ಹುಬ್ಬಳ್ಳಿಯಿಂದ ಹೊಸ ಪಾಸ್ಟರ್ ಬಂದಿದ್ದರು, ವಯಸ್ಸಿನಲ್ಲಿ ನನ್ನ ಮಗನಂತಿರುವವರು. ಅವರನ್ನು ಕರೆಸಿ, ಸುಟ್ಟವರು ಏಳುತ್ತಾರೋ ಇಲ್ಲವೋ ಎಂದು ನೇರವಾಗಿ ಕೇಳಿದೆ.

"ಆಂಟಿ, ಮಣ್ಣಿಂದ ಮನಷ್ಯಾನ್ನ ಮಾಡಿದ ದೇವರಿಗೆ ಬೂದಿಯಿಂದ ಎಬ್ಬಸೂದು ಕಷ್ಟ ಏನ್ರಿ? ಬೆಂಕ್ಯಾಗ ಸತ್ತ ಎಷ್ಟ ಭಕ್ತರಿಲ್ಲ? ಅದಕ್ಯಾಕ ಹೆದರತೀರಿ?"

ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಇದೇ ಒಂದು ಮಾತನ್ನು ಯಾರಾದರೂ ಆ ಖೋಲಿಗೆ ಬಂದು ಅಪ್ಪನಿಗೆ ಹೇಳಿದ್ದರೆ ಆಯಿಯ ಭರಣಿ ಉಳಿಯುತ್ತಿತ್ತು. ನನಗೆ ಪಾಸ್ಟರ ಮೇಲೂ ಸಿಟ್ಟು ಬಂತು. ಆದರೂ ಮಣ್ಣಿಗೆ ಒಂದು ದಿನ ಗೊತ್ತುಮಾಡಿ ಎಂದೆ.

ಕಳೆದ ತಿಂಗಳು ಒಂದು ಶನಿವಾರ, ಅವ್ವನನ್ನು ಮಲಗಿಸಿದ ಸ್ಮಶಾನದ ಗೋಡೆಯ ಬುಡದಲ್ಲಿ ಒಂದು ಮೊಳದ ಗುಂಡಿ ತೋಡಿಸಿದರು. ಅಪ್ಪನ ಗೌರವಕ್ಕೆ ಸಂಘದವರು ಹಳೆಯ ಮಖಮಲ್ಲು ತಂದಿದ್ದರು. ಡಬ್ಬಿಗೆ ಅದು ದೊಡ್ಡದಾಗಿ ನಾಲ್ಕು ಮಡಿಕೆ ಮಾಡಿ ಹೊದಿಸಬೇಕಾಯಿತು. ಹಗ್ಗದ ಅಗತ್ಯ ಬೀಳಲಿಲ್ಲ. ಶೀಬಾ ಬಗ್ಗಿ ಕೈಯಿಂದಲೇ ಇಳಿಸಿದಳು. ಪಾಸ್ಟರ್ ಪ್ರಾರ್ಥನೆ ಮಾಡಿದರು, ಬೂದಿಯ ಮಾತು ಬಂದಾಗ ನಾನು ಕಣ್ಣು ತೆರೆದಿದ್ದೆ. ಮೂರು ಹಿಡಿ ಮಣ್ಣು ಹಾಕಿದೆ. ಕೊಟ್ಟ ಮಾತು ನಡೆಸಿದಿರಿ ಆಂಟಿ ಎಂದು ಪಾಸ್ಟರ್ ನನ್ನ ಕೈ ಹಿಡಿದುಕೊಂಡರು.

ಪೂರ್ತಿ ನಡೆಸಿಲ್ಲ. ಆ ಬೆಳಿಗ್ಗೆ ಶೀಬಾ ಸ್ನಾನಕ್ಕೆ ಹೋದಾಗ ನಾನು ಡಬ್ಬಿಯ ಮುಚ್ಚಳ ತೆಗೆದಿದ್ದೆ. ಅರವತ್ತು ದಾಟಿದ ನನ್ನ ಕೈಯಲ್ಲಿ ಆಯಿಯ ಕುಂಕುಮ ಭರಣಿ, ಐವತ್ತು ವರ್ಷಗಳಿಂದ ಖಾಲಿ. ಒಂದು ಚಿಟಿಕೆ ಅಪ್ಪನನ್ನು ತೆಗೆದು ಅದರಲ್ಲಿ ಹಾಕಿದೆ. ಮರಳಿನ ಕಾಳಿನಂಥದ್ದು ಬೆರಳಿಗೆ ಚುಚ್ಚಿತು, ಅಜ್ಜನದ್ದು ಹಣೆಗೆ ಚುಚ್ಚಿದ ಹಾಗೆಯೇ. ಆಯಿ ಇಟ್ಟುಕೊಂಡದ್ದು ಪ್ರೀತಿಗೆ. ನಾನು ಪ್ರೀತಿಗೆ ಇಟ್ಟುಕೊಂಡಿಲ್ಲ. ಅಪ್ಪ ನಂಬಿದ ತುತ್ತೂರಿ ಒಂದು ದಿನ ಊದಲಿ, ಗೋಡೆಯ ಬುಡದಿಂದ ಅವನು ಏಳಲಿ. ಒಂದು ಚಿಟಿಕೆ ಕಡಿಮೆ ಬಿದ್ದು, ಆರು ಮಾಳಿಗೆ ಹತ್ತಿ ಅದನ್ನು ಕೇಳಲು ನನ್ನ ಬಾಗಿಲಿಗೇ ಬರಬೇಕಾಗುತ್ತದೆ. ಆಗ ನಾನು ತಂಬಿಗೆ ಹಿಡಿದು ಹೊಸ್ತಿಲಿಗೆ ಅಡ್ಡ ನಿಂತು ಹೇಳುತ್ತೇನೆ: ಕೊಡತೇನಪ್ಪಾ, ಮದ್ಲ ಗಟಾರಕ್ಕ ಇಳದು ಆಯೀದು ಹುಡುಕ್ಕೊಂಡ ಬಾ.